ಹೆಪಟೈಟಿಸ್ ಬಿ, ಸಿ ಇದ್ದವರಲ್ಲಿ ಫ್ಯಾಟಿ ಲಿವರ್: ಬಯಾಪ್ಸಿ ಇಲ್ಲದೆ ಅಳೆಯುವುದು ಹೇಗೆ?

"ಹೆಪಟೈಟಿಸ್ ಬಿ ಇದೆ, ಮಾತ್ರೆ ತಗೊಳ್ತಾ ಇದ್ದೀನಿ. ಈಗ ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಅಂತ ಬಂದಿದೆ. ಇದು ವೈರಸ್ಸಿಂದಾನಾ, ಬೇರೆ ಕಾರಣಾನಾ? ಎಷ್ಟು ಗಂಭೀರ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಹೆಪಟೈಟಿಸ್ ಸಿ ವಾಸಿಯಾದವರೂ ಕೇಳುತ್ತಾರೆ, ವೈರಸ್ ಹೋಯಿತು, ಆದರೂ ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಯಾಕೆ ಇಳಿದಿಲ್ಲ ಅಂತ. ಎಲ್ಲರಿಗೂ ಉಪಯೋಗವಾಗಲಿ ಎಂದು ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ನಿಮ್ಮ ಲಿವರ್ ಬಗ್ಗೆ ಮೂರು ಪ್ರಶ್ನೆಗಳಿವೆ. ವೈರಸ್ ಎಷ್ಟು ಚುರುಕಾಗಿದೆ? ಕೊಬ್ಬು ಎಷ್ಟು ತುಂಬಿದೆ? ಗಾಯದ ನಾರು ಎಷ್ಟು ಬೆಳೆದಿದೆ? ಮೂರಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು. ತೊಂದರೆ ಏನೆಂದರೆ, ವೈರಸ್ಸೂ ಕೊಬ್ಬೂ ರಕ್ತದ ರಿಪೋರ್ಟಿನಲ್ಲಿ ಅವೇ ಅಂಕಿಗಳನ್ನು ಏರಿಸುತ್ತವೆ. ಒಂದು ಅಂಕಿ ನೋಡಿ ಮೂರಕ್ಕೂ ಉತ್ತರ ಹೇಳಲು ಹೋದಾಗಲೇ ಹೆಚ್ಚಿನ ಗೊಂದಲ ಹುಟ್ಟುವುದು.

ಕೆಲವು ಪದಗಳು ಪದೇ ಪದೇ ಬರುತ್ತವೆ. ಸೂಜಿಯಿಂದ ಲಿವರ್‌ನ ಸಣ್ಣ ತುಣುಕು ತೆಗೆದು ನೋಡುವುದು ಬಯಾಪ್ಸಿ. ಲಿವರ್ ಜೀವಕೋಶಗಳಲ್ಲಿ ಕೊಬ್ಬು ಶೇಖರವಾಗುವುದು ಸ್ಟಿಯಾಟೋಸಿಸ್. ನೂರು ಜೀವಕೋಶಗಳಲ್ಲಿ ಐದು ಅಥವಾ ಅದಕ್ಕಿಂತ ಜಾಸ್ತಿಯಲ್ಲಿ ಕೊಬ್ಬಿದ್ದರೆ ಅದು ಫ್ಯಾಟಿ ಲಿವರ್. ಶೇ. 33ರವರೆಗೆ ಎಸ್1, ಶೇ. 66ರವರೆಗೆ ಎಸ್2, ಆಮೇಲೆ ಎಸ್3. ಉರಿಯೂತ ವರ್ಷಗಟ್ಟಲೆ ನಡೆದು ಲಿವರ್‌ನಲ್ಲಿ ನಾರು ಬೆಳೆಯುವುದು ಫೈಬ್ರೋಸಿಸ್. ಅದು ಎಫ್0ಯಿಂದ ಎಫ್4ರವರೆಗೆ, ಎಫ್4 ಎಂದರೆ ಸಿರೋಸಿಸ್, ಲಿವರ್ ತುಂಬ ನಾರುಗಟ್ಟಿದ ಸ್ಥಿತಿ. ಎಸ್ ಬೇರೆ, ಎಫ್ ಬೇರೆ. ಎಸ್3 ಇದ್ದೂ ಎಫ್0 ಇರಬಹುದು, ಎಸ್0 ಇದ್ದೂ ಎಫ್4 ಇರಬಹುದು.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಇತ್ತೀಚಿನ ವೈರಲ್ ಲೋಡ್ ರಿಪೋರ್ಟ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ, ಬಿ ಇದ್ದರೆ ಡಿಎನ್ಎ, ಸಿ ಇದ್ದರೆ ಆರ್‌ಎನ್ಎ). ಎಎಲ್‌ಟಿ ಮತ್ತು ಎಎಸ್‌ಟಿ, ಅಂದರೆ ಹಳೆಯ ರಿಪೋರ್ಟುಗಳಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಬರೆಯುವವು. ಪ್ಲೇಟ್‌ಲೆಟ್ ಎಣಿಕೆ. ಖಾಲಿ ಹೊಟ್ಟೆಯ ಶುಗರ್ ಅಥವಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್). ಎತ್ತರ, ತೂಕ, ಸೊಂಟದ ಸುತ್ತಳತೆ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ. ರಕ್ತದ ಪರೀಕ್ಷೆಗಳು ಒಂದೇ ದಿನದವಾಗಿದ್ದರೆ ಒಳ್ಳೆಯದು. ಜನವರಿಯ ಎಎಲ್‌ಟಿಯನ್ನು ಆಗಸ್ಟಿನ ಪ್ಲೇಟ್‌ಲೆಟ್ ಜೊತೆ ಸೇರಿಸಿ ಲೆಕ್ಕ ಹಾಕಬೇಡಿ.

1. ಮೊದಲು ವೈರಸ್ ಎಲ್ಲಿದೆ ನೋಡಿ

ವೈರಸ್ ಹತೋಟಿಯಲ್ಲಿಲ್ಲದಾಗ ತೆಗೆದ ಯಾವುದೇ ಅಂಕಿಯನ್ನು ಎಚ್ಚರದಿಂದ ಓದಬೇಕು. ಹಾಗಾಗಿ ಇದು ಮೊದಲ ಹೆಜ್ಜೆ.

ಹೆಪಟೈಟಿಸ್ ಸಿ ಇದ್ದರೆ ಜೀನೋಟೈಪ್ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಜೀನೋಟೈಪ್ ಎಂದರೆ ವೈರಸ್ಸಿನ ಉಪತಳಿ. ಜೀನೋಟೈಪ್ 3 ತಾನೇ ನೇರವಾಗಿ ಲಿವರ್‌ನಲ್ಲಿ ಕೊಬ್ಬು ತುಂಬಿಸುತ್ತದೆ. ಲಿವರ್‌ನಿಂದ ಕೊಬ್ಬು ಹೊರಗೆ ಹೋಗುವ ದಾರಿಗೇ ಅದು ಅಡ್ಡಿ ಮಾಡುತ್ತದೆ. ತೆಳ್ಳಗಿರುವವರಲ್ಲೂ, ಶುಗರ್ ಇಲ್ಲದವರಲ್ಲೂ ಫ್ಯಾಟಿ ಲಿವರ್ ಕಾಣಿಸುವುದು ಹೀಗೆ. ಚಿಕಿತ್ಸೆ ಮುಗಿದು ವೈರಸ್ ಹೋದರೆ ಈ ಕೊಬ್ಬು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಉಳಿದ ಜೀನೋಟೈಪ್‌ಗಳಲ್ಲಿ ಕೊಬ್ಬಿಗೆ ತೂಕ, ಶುಗರ್, ಮದ್ಯ ಇಂಥ ಕಾರಣಗಳೇ ಹೆಚ್ಚು. ಅದು ವೈರಸ್ ಹೋದ ಮೇಲೂ ಉಳಿದುಕೊಳ್ಳುತ್ತದೆ.

ಹೆಪಟೈಟಿಸ್ ಬಿ ಕಥೆ ಬೇರೆ. ಫ್ಯಾಟಿ ಲಿವರ್ ಇರುವ ಬಿ ರೋಗಿಗಳಲ್ಲಿ ವೈರಲ್ ಲೋಡ್ ಕಡಿಮೆ ಇರುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇದನ್ನು ಓದಿ ಕೆಲವರು "ಹಾಗಾದ್ರೆ ಕೊಬ್ಬು ಒಳ್ಳೇದೇ ಅಲ್ವಾ" ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬಿ ಜೊತೆಗೆ ಕೊಬ್ಬು, ಅದರ ಜೊತೆಗೆ ಡಯಾಬಿಟಿಸ್ ಸೇರಿದರೆ ಸಿರೋಸಿಸ್ ಮತ್ತು ಲಿವರ್ ಕ್ಯಾನ್ಸರ್ ಅಪಾಯ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಹೆಪಟೈಟಿಸ್ ಬಿ ಮಾರ್ಗಸೂಚಿಯಂತೂ, ಚಿಕಿತ್ಸೆ ಶುರು ಮಾಡಬೇಕೇ ಎಂದು ನಿರ್ಧರಿಸುವಾಗ ಡಯಾಬಿಟಿಸ್ ಮತ್ತು ಫ್ಯಾಟಿ ಲಿವರ್ ಜೊತೆಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಹೇಳುತ್ತದೆ. ಹಾಗಾಗಿ "ವೈರಸ್ ಕಡಿಮೆ ಇದೆ, ಸುಮ್ನೆ ನೋಡ್ತಾ ಇರೋಣ" ಎಂದು ಹಿಂದೆಂದೋ ಹೇಳಿಸಿಕೊಂಡು ಬಂದವರು, ಈಗ ಫ್ಯಾಟಿ ಲಿವರ್ ಕಂಡಿದ್ದರೆ, ಆ ಮಾತನ್ನು ಮತ್ತೊಮ್ಮೆ ವೈದ್ಯರ ಮುಂದಿಡಿ.

2. ಕೊಬ್ಬಿಗೆ ಬೇರೆ ಕಾರಣ ಇದೆಯಾ ಪಟ್ಟಿ ಮಾಡಿ

ಇದಕ್ಕೆ ಟೇಪು, ತಕ್ಕಡಿ, ರಕ್ತದ ರಿಪೋರ್ಟ್ ಸಾಕು. 2023ರಲ್ಲಿ ಫ್ಯಾಟಿ ಲಿವರ್‌ಗೆ ಹೊಸ ಹೆಸರುಗಳು ಬಂದಾಗ ಐದು ಚಯಾಪಚಯದ ಗುರುತುಗಳನ್ನೂ ಪಟ್ಟಿ ಮಾಡಿದರು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಅಥವಾ ಹೆಚ್ಚು (ಏಷ್ಯಾ ಮೂಲದವರಿಗೆ 23), ಇಲ್ಲವೇ ಸೊಂಟ ಹೆಚ್ಚಿರುವುದು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಎಚ್‌ಬಿಎ1ಸಿ 5.7 ಮುಟ್ಟಿರುವುದು ಇಲ್ಲವೇ ದಾಟಿರುವುದು. ಬಿಪಿ 130/85 ಮುಟ್ಟಿರುವುದು ಇಲ್ಲವೇ ದಾಟಿರುವುದು. ಟ್ರೈಗ್ಲಿಸರೈಡ್ 150 ಮುಟ್ಟಿರುವುದು ಇಲ್ಲವೇ ದಾಟಿರುವುದು. ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50 ಅಥವಾ ಅದಕ್ಕಿಂತ ಕಡಿಮೆ ಇರುವುದು. ಇವುಗಳಲ್ಲಿ ಒಂದಿದ್ದರೂ ಕೊಬ್ಬಿನ ಹೊಣೆಯನ್ನೆಲ್ಲ ವೈರಸ್ ಮೇಲೆ ಹಾಕಲು ಆಗುವುದಿಲ್ಲ.

ಇಲ್ಲೊಂದು ಬಲೆ ಇದೆ. ಹೆಪಟೈಟಿಸ್ ಸಿ ಇರುವಾಗ ಕೊಲೆಸ್ಟರಾಲ್ ಕೃತಕವಾಗಿ ಕಡಿಮೆ ತೋರಿಸುತ್ತದೆ. ವೈರಸ್ ಹೋದ ಮೇಲೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಏರುತ್ತದೆ. ಚಿಕಿತ್ಸೆಗೆ ಮುಂಚಿನ ರಿಪೋರ್ಟ್ ನೋಡಿ "ನನಗೆ ಕೊಲೆಸ್ಟರಾಲ್ ಇಲ್ಲ" ಎಂದು ಬಿಡಬೇಡಿ, ಮುಗಿದ ಮೇಲೆ ಮತ್ತೆ ಮಾಡಿಸಿ.

ಮದ್ಯದ ವಿಷಯ ನಿಜ ಹೇಳಿ. ವಾರಕ್ಕೆ ಎಷ್ಟು, ಎಷ್ಟು ವರ್ಷದಿಂದ, ಎಲ್ಲ. ಸ್ಟೀರಾಯ್ಡ್, ಟ್ಯಾಮಾಕ್ಸಿಫೆನ್, ಮೆಥೊಟ್ರೆಕ್ಸೇಟ್, ಅಮಿಯೊಡರೋನ್, ವಾಲ್‌ಪ್ರೊಯೇಟ್ ಇಂಥ ಔಷಧಿಗಳೂ ಲಿವರ್‌ನಲ್ಲಿ ಕೊಬ್ಬು ತರಿಸಬಲ್ಲವು. ಪಟ್ಟಿಯಲ್ಲಿದ್ದರೆ ವೈದ್ಯರಿಗೆ ತೋರಿಸಿ, ನೀವೇ ನಿಲ್ಲಿಸಬೇಡಿ.

3. ಅಲ್ಟ್ರಾಸೌಂಡ್ ರಿಪೋರ್ಟನ್ನು ಅಳತೆ ಮೀರಿ ನಂಬಬೇಡಿ

ಎಲ್ಲ ಕಡೆ ಸಿಗುವುದು ಇದೇ, ಹೆಚ್ಚಿನವರಿಗೆ ಮೊದಲು ಸುದ್ದಿ ತಿಳಿಯುವುದೂ ಇದರಿಂದಲೇ. ಕೊಬ್ಬು ತುಂಬಿದ ಲಿವರ್ ಪರದೆಯ ಮೇಲೆ ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಹೊಳೆಯುತ್ತದೆ. ಗ್ರೇಡ್ 1, 2, 3 ಎಂದು ಬರೆಯುವುದು ಆ ಹೊಳಪನ್ನು ಕಣ್ಣಲ್ಲಿ ನೋಡಿ. ಹಾಗಾಗಿ ಒಬ್ಬರು ಗ್ರೇಡ್ 1 ಎಂದದ್ದನ್ನು ಇನ್ನೊಬ್ಬರು ಗ್ರೇಡ್ 2 ಎನ್ನಬಹುದು. ಆರು ತಿಂಗಳಲ್ಲಿ 1ರಿಂದ 2 ಆಯಿತೆಂದು ನಿದ್ದೆಗೆಡುವ ಅಗತ್ಯ ಇಲ್ಲ.

ಎರಡು ಮಿತಿಗಳು ನೆನಪಿರಲಿ. ಕೊಬ್ಬು ಶೇ. 20-30ಕ್ಕಿಂತ ಕಡಿಮೆ ಇದ್ದಾಗ ಅಲ್ಟ್ರಾಸೌಂಡಿಗೆ ಅದು ತಪ್ಪಿಹೋಗಬಹುದು. ಅಂದರೆ "ನಾರ್ಮಲ್" ಎಂದು ಬಂದರೆ ಕೊಬ್ಬೇ ಇಲ್ಲ ಎಂದರ್ಥವಲ್ಲ. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಮುಖ್ಯ. ವೈರಸ್ಸಿನಿಂದ ನಾರು ಬೆಳೆದ ಲಿವರ್ ಕೂಡ ಒರಟಾಗಿ, ಕೆಲವೊಮ್ಮೆ ಬೆಳ್ಳಗೆ ಕಾಣುತ್ತದೆ, ಅದನ್ನು ಕೊಬ್ಬೆಂದು ಓದಿಬಿಡುವುದುಂಟು. ರಿಪೋರ್ಟಿನಲ್ಲಿ "ಕೋರ್ಸ್ ಎಕೋಟೆಕ್ಸ್ಚರ್", ಅಂಚು ಉಬ್ಬುತಗ್ಗು, ಗುಲ್ಮ ದೊಡ್ಡದು ಇಂಥ ಮಾತಿದ್ದರೆ ಗ್ರೇಡ್ ಬಿಟ್ಟು ಮೊದಲು ಅದರ ಬಗ್ಗೆ ಕೇಳಿ.

4. ರಕ್ತದ ಸ್ಕೋರುಗಳು: ಯಾವುದು ಏನನ್ನು ಅಳೆಯುತ್ತದೆ?

ನೆಟ್‌ನಲ್ಲಿ ಕ್ಯಾಲ್ಕುಲೇಟರ್ ಸಿಗುತ್ತದೆ, ಎಲ್ಲರೂ ಅಂಕಿ ತುಂಬಿ ನೋಡುತ್ತಾರೆ. ನೋಡಿ, ಆದರೆ ಇದು ಗೊತ್ತಿರಲಿ.

ಕೊಬ್ಬಿನ ಸ್ಕೋರುಗಳಲ್ಲಿ ಹೆಸರಾದದ್ದು ಫ್ಯಾಟಿ ಲಿವರ್ ಇಂಡೆಕ್ಸ್. ಬಿಎಂಐ, ಸೊಂಟ, ಟ್ರೈಗ್ಲಿಸರೈಡ್, ಜಿಜಿಟಿ (ಇನ್ನೊಂದು ಲಿವರ್ ಕಿಣ್ವ) ಸೇರಿಸಿ ಲೆಕ್ಕ. 30ಕ್ಕಿಂತ ಕಡಿಮೆ ಇದ್ದರೆ ಕೊಬ್ಬಿನ ಸಾಧ್ಯತೆ ಕಡಿಮೆ, 60 ಮತ್ತು ಮೇಲಿದ್ದರೆ ಜಾಸ್ತಿ. ಇನ್ನೊಂದು ಹೆಪಾಟಿಕ್ ಸ್ಟಿಯಾಟೋಸಿಸ್ ಇಂಡೆಕ್ಸ್, ಅದರಲ್ಲಿ ಎಎಲ್‌ಟಿಯನ್ನು ಎಎಸ್‌ಟಿಯಿಂದ ಭಾಗಿಸಿ, ಬಿಎಂಐ ಮತ್ತಿತರ ಅಂಶ ಸೇರಿಸುತ್ತಾರೆ. ವೈರಲ್ ಹೆಪಟೈಟಿಸ್ ಇದ್ದವರಲ್ಲಿ ಇವು ಎಡವುವುದು ಯಾಕೆ ಗೊತ್ತಾಯಿತಲ್ಲ? ಜಿಜಿಟಿ, ಎಎಲ್‌ಟಿ ಎರಡನ್ನೂ ವೈರಸ್ಸೇ ಏರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ವೈರಸ್ ಹತೋಟಿಗೆ ಬರುವವರೆಗೆ ಈ ಎರಡು ಸ್ಕೋರುಗಳ ಮೇಲೆ ಯಾವ ತೀರ್ಮಾನವನ್ನೂ ಮಾಡಬಾರದು.

ಫಿಬ್-4 ಮತ್ತು ಎಪಿಆರ್‌ಐ ಕೊಬ್ಬನ್ನು ಅಳೆಯುವುದೇ ಇಲ್ಲ. ಅವು ನಾರಿನ ಅಂದಾಜು. ಫಿಬ್-4 ಲೆಕ್ಕ ಹೀಗೆ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಣಿಕೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿರಬೇಕು, ರಿಪೋರ್ಟಿನಲ್ಲಿ 1.6 ಲಕ್ಷ ಎಂದಿದ್ದರೆ 160 ಎಂದು ಹಾಕಿ. ಇಲ್ಲಿ ತಪ್ಪಿದರೆ ಉತ್ತರ ನೂರು ಪಟ್ಟು ಹೆಚ್ಚುಕಡಿಮೆ ಆಗುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ವಯಸ್ಸು 50, ಎಎಸ್‌ಟಿ 80, ಎಎಲ್‌ಟಿ 100, ಪ್ಲೇಟ್‌ಲೆಟ್ 160. ಮೇಲೆ 50 ಗುಣಿಸು 80, ಅಂದರೆ 4000. ಕೆಳಗೆ 160 ಗುಣಿಸು 10, ಅಂದರೆ 1600. ಉತ್ತರ 2.5. ಅದೇ ವ್ಯಕ್ತಿ ಮಾತ್ರೆ ಶುರು ಮಾಡಿ ಉರಿಯೂತ ಇಳಿದು, ಎಎಸ್‌ಟಿ 32, ಎಎಲ್‌ಟಿ 36 ಆಯಿತೆನ್ನಿ. ಈಗ 1600 ಭಾಗಿಸು 960, ಸುಮಾರು 1.67. ನಾರು ಕರಗಿತಾ? ಅಷ್ಟು ಬೇಗ ಕರಗುವುದಿಲ್ಲ. ಇಳಿದದ್ದು ಉರಿಯೂತ ಮಾತ್ರ. ಹಾಗಾಗಿ ಚಿಕಿತ್ಸೆಯ ಮುಂಚಿನ ಮತ್ತು ನಂತರದ ಸ್ಕೋರನ್ನು ಪಕ್ಕಪಕ್ಕ ಇಟ್ಟು ಖುಷಿಪಡುವುದೂ ಬೇಡ, ಹೆದರುವುದೂ ಬೇಡ.

ಫಿಬ್-4ಗೆ ಎರಡು ಜೊತೆ ಗಡಿಗಳು ಬಳಕೆಯಲ್ಲಿವೆ. ವೈರಲ್ ಹೆಪಟೈಟಿಸ್ ರೋಗಿಗಳಿಂದ ಬಂದದ್ದು 1.45 ಮತ್ತು 3.25. ಫ್ಯಾಟಿ ಲಿವರ್‌ಗೆ ಬಳಸುವುದು 1.3 ಮತ್ತು 2.67. ಎರಡೂ ರೋಗ ಇರುವವರಿಗೆ ಕ್ಯಾಲ್ಕುಲೇಟರ್ ಯಾವ ಗಡಿ ತೋರಿಸುತ್ತಿದೆ ಎಂದು ನೋಡಿಕೊಳ್ಳಿ. ಕೆಳಗಿನ ಗಡಿಗಿಂತ ಕಡಿಮೆ ಇದ್ದರೆ ಮುಂದುವರಿದ ನಾರಿನ ಸಾಧ್ಯತೆ ಕಡಿಮೆ, ಮೇಲಿನದನ್ನು ದಾಟಿದರೆ ಜಾಸ್ತಿ, ನಡುವೆ ಬಿದ್ದರೆ ಮುಂದಿನ ಹೆಜ್ಜೆ ಬೇಕೇ ಬೇಕು.

5. ಫೈಬ್ರೋಸ್ಕ್ಯಾನ್ ಮತ್ತು ಕ್ಯಾಪ್

ಸೂಜಿ ಚುಚ್ಚದೆ ಕೊಬ್ಬನ್ನೂ ನಾರನ್ನೂ ಒಂದೇ ಸಲ ಅಳೆಯಲು ಸಾಮಾನ್ಯವಾಗಿ ಬಳಸುವುದು ಇದನ್ನೇ. ತತ್ವ ಸರಳ. ಪಕ್ಕೆಲುಬುಗಳ ನಡುವೆ ಒಂದು ಪ್ರೋಬ್ ಇಟ್ಟು ಸಣ್ಣ ಬಡಿತ ಕೊಡುತ್ತಾರೆ. ಆ ಬಡಿತದ ಅಲೆ ಗಟ್ಟಿ ಲಿವರ್‌ನಲ್ಲಿ ವೇಗವಾಗಿ ಓಡುತ್ತದೆ, ಮೆತ್ತಗಿನ ಲಿವರ್‌ನಲ್ಲಿ ನಿಧಾನವಾಗಿ. ಈ ವೇಗದಿಂದ ಗಟ್ಟಿತನ ಸಿಗುತ್ತದೆ, ಅದರ ಅಳತೆ ಕಿಲೋಪಾಸ್ಕಲ್‌ನಲ್ಲಿ. ಜೊತೆಗೆ ಕಳಿಸುವ ಅಲ್ಟ್ರಾಸೌಂಡ್ ಕೊಬ್ಬಿನಲ್ಲಿ ಹೆಚ್ಚು ಕುಂದುತ್ತದೆ. ಎಷ್ಟು ಕುಂದಿತು ಎನ್ನುವುದೇ ಕ್ಯಾಪ್. ಅದು 100ರಿಂದ 400ರವರೆಗೆ, ಮೀಟರಿಗೆ ಇಷ್ಟು ಡೆಸಿಬೆಲ್ ಎಂದು ಬರುತ್ತದೆ.

ಹೋಗುವ ಮೊದಲು ಕನಿಷ್ಠ ಮೂರು ಗಂಟೆ ಏನೂ ತಿನ್ನಬೇಡಿ. ಊಟವಾದ ಮೇಲೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿ ಗಟ್ಟಿತನ ಸುಳ್ಳೇ ಜಾಸ್ತಿ ತೋರಿಸುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ (ಕುಡಿದ ನೀರಲ್ಲ, ರೋಗದಿಂದ ಹೊಟ್ಟೆಯಲ್ಲಿ ಸೇರುವ ದ್ರವ) ಈ ವಿಧಾನ ಆಗುವುದಿಲ್ಲ, ಬಡಿತದ ಅಲೆ ದ್ರವವನ್ನು ದಾಟುವುದಿಲ್ಲ. ಗರ್ಭಿಣಿಯಾಗಿದ್ದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಅಂಗಾತ ಮಲಗಿಸಿ ಬಲಗೈಯನ್ನು ತಲೆಯ ಹಿಂದೆ ಇಡಲು ಹೇಳುತ್ತಾರೆ. ನೋವಿಲ್ಲ, ಬೆರಳಿನಿಂದ ತಟ್ಟಿದಂತೆ ಅನಿಸುತ್ತದೆ, ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ರಿಪೋರ್ಟ್ ಕೈಗೆ ಬಂದಾಗ ದಪ್ಪ ಅಕ್ಷರದ ಎರಡು ಅಂಕಿಗಳಿಗೆ ಮೊದಲು ಕಣ್ಣು ಹಾಕಬೇಡಿ. ಕೆಳಗಿನ ಸಣ್ಣ ಅಕ್ಷರ ನೋಡಿ. ಸರಿಯಾದ ಅಳತೆಗಳು ಕನಿಷ್ಠ ಹತ್ತು ಇವೆಯಾ? ಐಕ್ಯೂಆರ್ ಎಂದು ಒಂದು ಅಂಕಿ ಇರುತ್ತದೆ, ಹತ್ತು ಅಳತೆಗಳು ಒಂದಕ್ಕೊಂದು ಎಷ್ಟು ಚದುರಿವೆ ಎಂಬ ಲೆಕ್ಕ ಅದು. ಗಟ್ಟಿತನದಲ್ಲಿ ಅದು ಮಧ್ಯದ ಅಂಕಿಯ ಶೇ. 30ರೊಳಗೆ ಇರಬೇಕು. ಕ್ಯಾಪ್‌ನಲ್ಲಿ 40ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ನಂಬಬಹುದು. ಪ್ರೋಬ್ ಯಾವುದು? ದೇಹ ದಪ್ಪಗಿದ್ದು ಚರ್ಮದಿಂದ ಲಿವರ್‌ಗೆ 25 ಮಿಲಿಮೀಟರಿಗಿಂತ ದೂರ ಇದ್ದರೆ ಎಕ್ಸ್ಎಲ್ ಪ್ರೋಬ್ ಬೇಕು, ಮಾಮೂಲಿ ಎಂ ಪ್ರೋಬ್ ಅಲ್ಲ. ಇವು ಸರಿಯಿಲ್ಲದಿದ್ದರೆ ಮತ್ತೆ ಮಾಡಲು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಕ್ಯಾಪ್ ಅಂಕಿ. 2017ರಲ್ಲಿ ಹಲವು ಅಧ್ಯಯನಗಳ 2,735 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ಅವರಲ್ಲಿ ಹೆಚ್ಚಿನವರಿಗೆ ಹೆಪಟೈಟಿಸ್ ಬಿ ಅಥವಾ ಸಿ ಇತ್ತು. ಅಲ್ಲಿ ಬಂದ ಗಡಿಗಳು: ಎಸ್1ಗೆ 248, ಎಸ್2ಗೆ 268, ಎಸ್3ಗೆ 280. ಫ್ಯಾಟಿ ಲಿವರ್ ಅನುಮಾನದ ಮೇಲೇ ಬಯಾಪ್ಸಿ ಆದವರನ್ನು ನೋಡಿದ 2019ರ ಇನ್ನೊಂದು ಅಧ್ಯಯನದಲ್ಲಿ ಅದೇ ಗಡಿಗಳು 302, 331, 337. ಎಷ್ಟು ವ್ಯತ್ಯಾಸ ನೋಡಿ! 290 ಬಂದವರು ಒಂದು ಪಟ್ಟಿಯಲ್ಲಿ ಎಸ್3, ಇನ್ನೊಂದರಲ್ಲಿ ಎಸ್0. ಲ್ಯಾಬಿನ ರಿಪೋರ್ಟಿನಲ್ಲಿ ಅಚ್ಚಾಗಿರುವ ಎಸ್ ದರ್ಜೆ ಅವರು ಯಾವ ಪಟ್ಟಿ ಇಟ್ಟುಕೊಂಡಿದ್ದಾರೆ ಎಂಬುದರ ಮೇಲೆ ನಿಂತಿದೆ. ಯುರೋಪಿನ ಲಿವರ್ ತಜ್ಞರ ಸಂಘ 2021ರಲ್ಲಿ ಕೊಬ್ಬು ಇದೆ ಎನ್ನಲು 275 ದಾಟಿರುವುದನ್ನು ಬಳಸಬಹುದು ಎಂದಿತು. ಬಳಸಲು ನನಗೆ ಸರಿ ಎನಿಸುವ ದಾರಿ ಇದು: 248ರೊಳಗಿದ್ದರೆ ಕೊಬ್ಬು ಇದ್ದರೂ ಅಲ್ಪ, 275 ದಾಟಿದರೆ ಇದೆ ಎಂದೇ ನಡೆಯಿರಿ, ನಡುವಿನದು ಬೂದು ವಲಯ. ಎಸ್2ಆ ಎಸ್3ಆ ಎಂಬ ಚರ್ಚೆಗೆ ಕ್ಯಾಪ್ ಒಳ್ಳೆಯ ಸಾಧನ ಅಲ್ಲ.

2017ರ ಆ ವಿಶ್ಲೇಷಣೆ ಒಂದು ತಿದ್ದುಪಡಿಯನ್ನೂ ಸೂಚಿಸಿತು. ಡಯಾಬಿಟಿಸ್ ಇದ್ದರೆ 10 ಕಳೆಯಿರಿ, ಬಿಎಂಐ 25ಕ್ಕಿಂತ ಎಷ್ಟು ಜಾಸ್ತಿಯೋ ಒಂದೊಂದಕ್ಕೂ 4.4 ಕಳೆಯಿರಿ (30ರವರೆಗೆ). ಕ್ಯಾಪ್ 272, ಬಿಎಂಐ 29, ಡಯಾಬಿಟಿಸ್ ಇದೆ ಎನ್ನೋಣ. 10 ಮತ್ತು 17.6 ಕಳೆದರೆ 244.4. ಎಸ್2 ಎಂದು ಬರೆದಿದ್ದದ್ದು ಎಸ್0 ಕಡೆಗೆ ಜಾರಿತು. ರಿಪೋರ್ಟಿನಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ, ನೀವು ಮಾಡಿಕೊಂಡು ಹೋದರೆ ವೈದ್ಯರ ಜೊತೆ ಮಾತು ಸುಲಭವಾಗುತ್ತದೆ.

ಗಟ್ಟಿತನದ ಅಂಕಿಯಲ್ಲಿ ವೈರಸ್ ಇರುವವರಿಗೆ ದೊಡ್ಡ ಬಲೆ ಒಂದಿದೆ. ಎಎಲ್‌ಟಿ ಜೋರಾಗಿ ಏರಿರುವಾಗ, ಅದರಲ್ಲೂ ಮಾಮೂಲಿಯ ಐದು ಪಟ್ಟು ದಾಟಿದಾಗ, ಉರಿಯೂತದಿಂದ ಊದಿದ ಲಿವರ್ ನಾರಿಲ್ಲದೆಯೂ ಗಟ್ಟಿ ತೋರಿಸುತ್ತದೆ. ಆಗ ಬಂದ 14 ಕಿಲೋಪಾಸ್ಕಲ್ ನೋಡಿ ಸಿರೋಸಿಸ್ ಆಗಿಬಿಟ್ಟಿತು ಎಂದು ಕುಸಿಯಬೇಡಿ. ಉರಿಯೂತ ಇಳಿದ ಮೇಲೆ ಮತ್ತೆ ಅಳೆಯಿಸಿ. ಕಾಮಾಲೆಯಲ್ಲಿ ಪಿತ್ತ ಕಟ್ಟಿದಾಗ, ಹೃದಯದ ಬಲಭಾಗ ಸೋತು ಲಿವರ್‌ನಲ್ಲಿ ರಕ್ತ ನಿಂತಾಗಲೂ ಹೀಗೇ. ಶಾಂತ ಸ್ಥಿತಿಯಲ್ಲಿ, ಹೆಪಟೈಟಿಸ್ ಬಿಗೆ ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಗಡಿಗಳು 7 (ಗಮನಾರ್ಹ ನಾರು) ಮತ್ತು 12.5 (ಸಿರೋಸಿಸ್).

ಇನ್ನೊಂದು ಮಾತು. ಸಿರೋಸಿಸ್ ಮುಂದುವರಿದಂತೆ ಲಿವರ್‌ನ ಕೊಬ್ಬು ತಾನಾಗಿಯೇ ಕಡಿಮೆಯಾಗಬಹುದು. ಕ್ಯಾಪ್ ಇಳಿದು ಗಟ್ಟಿತನ ಏರಿದ್ದರೆ ಅದು ಸುಧಾರಣೆ ಅಲ್ಲ.

6. ಎಂಆರ್‌ಐ ಬೇಕಾಗುವುದು ಯಾವಾಗ?

ಕೊಬ್ಬಿನ ಪ್ರಮಾಣ ಹೇಳುವುದರಲ್ಲಿ ಎಂಆರ್‌ಐ-ಪಿಡಿಎಫ್ಎಫ್ ಎಂಬ ವಿಧಾನ ಕ್ಯಾಪ್‌ಗಿಂತ ನಿಖರ. ಇಡೀ ಲಿವರ್ ನೋಡಿ ಶೇಕಡಾವಾರು ಕೊಡುತ್ತದೆ, ಶೇ. 5 ದಾಟಿದರೆ ಫ್ಯಾಟಿ ಲಿವರ್. ಎಲ್ಲರಿಗೂ ಬೇಕಿಲ್ಲ. ಕ್ಯಾಪ್ ಬೂದು ವಲಯದಲ್ಲಿದ್ದು ಉತ್ತರದ ಮೇಲೆ ಚಿಕಿತ್ಸೆ ನಿಂತಿದ್ದಾಗ, ಫೈಬ್ರೋಸ್ಕ್ಯಾನ್ ಸರಿಯಾಗಿ ಆಗದಿದ್ದಾಗ ಕೇಳಿ ನೋಡಿ. ಕಬ್ಬಿಣಾಂಶ ಲಿವರ್‌ನಲ್ಲಿ ತೀರಾ ಹೆಚ್ಚಿದ್ದರೆ ಇದೂ ತಪ್ಪಬಹುದು.

ಇಲ್ಲಿನ ಶೇಕಡಾವಾರನ್ನು ಬಯಾಪ್ಸಿಯ ಶೇಕಡಾವಾರಿಗೆ ಹೋಲಿಸಬೇಡಿ. ಬಯಾಪ್ಸಿಯಲ್ಲಿ ಎಣಿಸುವುದು ಕೊಬ್ಬಿರುವ ಜೀವಕೋಶಗಳನ್ನು. ಎಂಆರ್‌ಐ ಅಳೆಯುವುದು ಕೊಬ್ಬಿನ ಪಾಲನ್ನು. ಹಾಗಾಗಿ ಎಂಆರ್‌ಐಯಲ್ಲಿ ಶೇ. 20 ಎಂದರೆ ಸಣ್ಣ ಅಂಕಿ ಅಲ್ಲ, ಬಹಳವೇ ಜಾಸ್ತಿ. ಕೊಬ್ಬಿಗಾಗಿಯೇ ಸಿಟಿ ಸ್ಕ್ಯಾನ್ ಮಾಡಿಸಲು ಹೋಗಬೇಡಿ, ವಿಕಿರಣ ತಗಲುತ್ತದೆ, ಅಲ್ಪ ಕೊಬ್ಬು ಕಾಣುವುದೂ ಇಲ್ಲ.

7. ಬಯಾಪ್ಸಿ ಪೂರ್ತಿ ತಪ್ಪುತ್ತದಾ?

ಬಹುಪಾಲು ಜನರಿಗೆ ಹೌದು. ಆದರೆ ಮೇಲಿನ ಯಾವ ಪರೀಕ್ಷೆಯೂ ಸುಮ್ಮನೆ ಕೂತಿರುವ ಕೊಬ್ಬು ಯಾವುದು, ಉರಿಯೂತ ಎಬ್ಬಿಸುತ್ತಿರುವ ಕೊಬ್ಬು ಯಾವುದು ಎಂದು ಖಚಿತವಾಗಿ ಹೇಳುವುದಿಲ್ಲ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿದ್ದೂ ಎಎಲ್‌ಟಿ ತಿಂಗಳುಗಟ್ಟಲೆ ಏರಿಯೇ ಇದ್ದರೆ ಕೊಬ್ಬಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಆದರೂ ಬೇರೆ ಲಿವರ್ ರೋಗಗಳನ್ನೂ ನೋಡಬೇಕು. ಫಿಬ್-4 ಒಂದು ಹೇಳಿ ಫೈಬ್ರೋಸ್ಕ್ಯಾನ್ ಇನ್ನೊಂದು ಹೇಳಿದಾಗ, ಮೂರನೇ ರೋಗದ ಸಂಶಯ ಇದ್ದಾಗ ವೈದ್ಯರು ಬಯಾಪ್ಸಿ ಎಂದರೆ ಅದಕ್ಕೆ ಕಾರಣ ಇದೆ.

8. ಮತ್ತೆ ಯಾವಾಗ ಅಳೆಯಬೇಕು?

ಹೆಪಟೈಟಿಸ್ ಸಿ ಚಿಕಿತ್ಸೆ ಮುಗಿದವರು 12 ವಾರ ಆದ ಮೇಲಿನ ಆರ್‌ಎನ್ಎ ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಖಚಿತಪಡಿಸಿಕೊಂಡು, ನಂತರ ಕೊಬ್ಬನ್ನು ಹೊಸದಾಗಿ ಅಳೆಯಲಿ. ಆಗ ಉಳಿದದ್ದು ವೈರಸ್ಸಿನದಲ್ಲ ಎಂದು ಗೊತ್ತಾಗುತ್ತದೆ. ಬಿಗೆ ಮಾತ್ರೆ ಶುರು ಮಾಡಿದವರು ಎಎಲ್‌ಟಿ ಇಳಿದು ನಿಂತ ಮೇಲೆ ಒಂದು ಹೊಸ ಅಳತೆ ಮಾಡಿಸಿ, ಮುಂದಿನದೆಲ್ಲವನ್ನೂ ಅದಕ್ಕೇ ಹೋಲಿಸಲಿ. ಅದೇ ಯಂತ್ರ, ಅದೇ ಪ್ರೋಬ್, ಖಾಲಿ ಹೊಟ್ಟೆ. ಹತ್ತಿಪ್ಪತ್ತು ಅಂಕಿಯ ಏರಿಳಿತ ಕ್ಯಾಪ್‌ನಲ್ಲಿ ಸಾಮಾನ್ಯ.

ತೂಕ ಹೆಚ್ಚಿದ್ದವರು ಶೇ. 5ರಷ್ಟು ಇಳಿಸಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತಕ್ಕೂ ಒಳ್ಳೆಯದು. ಇಂಥ ಬದಲಾವಣೆ ಆದ ಮೇಲೆ ಅಳೆದರೆ ಅರ್ಥ ಇದೆ, ಪ್ರತಿ ತಿಂಗಳು ಅಳೆಯುವುದರಿಂದ ಏನೂ ಸಿಗುವುದಿಲ್ಲ.

ಕ್ಯಾನ್ಸರ್ ತಪಾಸಣೆ ಇದಕ್ಕಿಂತ ಬೇರೆ. ಸಿರೋಸಿಸ್ ಇರುವವರು, ಮತ್ತು ಸಿರೋಸಿಸ್ ಇಲ್ಲದಿದ್ದರೂ ಅಪಾಯ ಹೆಚ್ಚಿರುವ ಹೆಪಟೈಟಿಸ್ ಬಿ ರೋಗಿಗಳು, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಫೈಬ್ರೋಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುವುದಿಲ್ಲ. ಕೊಬ್ಬು ಬಹಳ ಇದ್ದರೆ ಅಲ್ಟ್ರಾಸೌಂಡಿಗೂ ಲಿವರ್‌ನ ಆಳ ಸರಿಯಾಗಿ ಕಾಣದೆ ಹೋಗಬಹುದು. ರಿಪೋರ್ಟಿನಲ್ಲಿ ಹಾಗೆ ಬರೆದಿದ್ದರೆ ಬೇರೆ ಸ್ಕ್ಯಾನ್ ಬೇಕಾ ಎಂದು ಕೇಳಿ.

"ಎಲ್ಲ ತೊಂದರೆಯೂ ಕೊಬ್ಬಿನದೇ, ವೈರಸ್ ಸೊನ್ನೆ" ಎಂದು ತಿಳಿದ ಮೇಲೆ ಕೆಲವರು ಎಂಟೆಕಾವಿರ್, ಟೆನೊಫೊವಿರ್ ಮಾತ್ರೆ ಬಿಟ್ಟುಬಿಡುತ್ತಾರೆ. ವೈರಸ್ ಸೊನ್ನೆ ಇರುವುದು ಆ ಮಾತ್ರೆಯಿಂದ. ಹೇಳದೆ ಕೇಳದೆ ನಿಲ್ಲಿಸಿದರೆ ಹೆಪಟೈಟಿಸ್ ಬಿ ಹಠಾತ್ತನೆ ಕೆರಳಿ ಲಿವರ್ ಸೋಲುವ ಮಟ್ಟಕ್ಕೂ ಹೋಗಬಹುದು. ಕ್ಯಾಪ್ ಎಷ್ಟೇ ಬರಲಿ, ಮಾತ್ರೆಯ ವಿಷಯ ವೈದ್ಯರ ಜೊತೆ ಮಾತಾಡಿಯೇ ನಿರ್ಧರಿಸಿ.